ಎಡಕ್ಕೆಷ್ಟೋ ಬಲಕ್ಕಷ್ಟೇ

ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಜೂನ್ ತಿಂಗಳು ಬಂತೆಂದರೆ ಹಿರಿಯರಿಗೂ ಪರೀಕ್ಷೆ ಆರಂಭವಾದಂತೆಯೇ ಸರಿ. ವಿಜ್ಞಾನದ ಪುಸ್ತಕವನ್ನು ತೆರೆದ ಕೂಡಲೇ ಮೊದಲ ಅಧ್ಯಾಯದಲ್ಲಿಯೇ ರಾಸಾಯನಿಕ ಸಮೀಕರಣಗಳು ಎದುರಾಗುತ್ತವೆ. ಅಲ್ಲಿ ಕಾಲು ಜಾರಿದ ಮಗು ಇಡೀ ವರ್ಷ ರಸಾಯನಶಾಸ್ತ್ರವೆಂದರೆ ಹಿಂಜರಿಯುತ್ತದೆ. ಮುಂದೆ ವಿಜ್ಞಾನವನ್ನೇ ಬಿಟ್ಟುಬಿಡುವುದೂ ಉಂಟು. ಬುದ್ಧಿ ಸಾಲದೆ ಹೀಗಾಗುತ್ತದೆಂದು ನಾವು ನಂಬುವುದಿಲ್ಲ. ಹೇಳಬೇಕಾದ ಒಂದು ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ ಯಾರೂ ಹೇಳದಿರುವುದೇ ಬಹಳ ಸಲ ಇದಕ್ಕೆ ಕಾರಣ.

ಕೆಲವು ದಿನಗಳ ಹಿಂದೆ ನಮ್ಮ ಓಣಿಯ ಹುಡುಗಿಯೊಬ್ಬಳು ಸಂಜೆಯ ಹೊತ್ತು ನೋಟುಪುಸ್ತಕ ಹಿಡಿದು ನಮ್ಮಲ್ಲಿಗೆ ಬಂದಳು. ಜಲಜನಕವೂ ಆಮ್ಲಜನಕವೂ ಸೇರಿ ನೀರಾಗುವ ಸಮೀಕರಣವನ್ನು ಸರಿದೂಗಿಸಬೇಕಾಗಿತ್ತು. ಎಡಗಡೆ ಎಚ್₂ + ಓ₂, ಬಲಗಡೆ ಎಚ್₂ಓ. ಎಡಕ್ಕೆ ಆಮ್ಲಜನಕದ ಪರಮಾಣುಗಳು ಎರಡು, ಬಲಕ್ಕೆ ಒಂದೇ. ಅವಳು ಬಲಗಡೆಯ ಓ ಅಕ್ಷರದ ಕೆಳಗೆ ಒಂದು ಪುಟ್ಟ ಎರಡನ್ನು ಸೇರಿಸಿದ್ದಳು. ಎಣಿಸಿ ನೋಡಿದರೆ ಎರಡೂ ಕಡೆ ಸಮ. ಆದರೆ ಶಾಲೆಯಲ್ಲಿ ಅದರ ಮೇಲೆ ಕೆಂಪು ಗೆರೆ ಬಿದ್ದಿತ್ತು. "ಲೆಕ್ಕ ಸರಿಯಾಗಿಯೇ ಇದೆಯಲ್ಲ, ತಪ್ಪೇನು?" ಎಂಬುದು ಅವಳ ಪ್ರಶ್ನೆ. ಕಣ್ಣಂಚಿನಲ್ಲಿ ನೀರಿತ್ತು.

ನಮಗೆ ಒಳಗೊಳಗೆ ನಗು ಬಂದಿತು. ಏಕೆಂದರೆ ಇದೇ ತಪ್ಪಿಗೆ ನಾವೂ ನಮ್ಮ ಕಾಲದಲ್ಲಿ ಬೆಂಚಿನ ಮೇಲೆ ನಿಂತವರು. ಅಂದಿನ ಗುರುಗಳು ಅಂಗೈಗೆ ಎರಡು ಏಟು ಕೊಟ್ಟು "ಎಣಿಸು" ಎಂದರೇ ಹೊರತು ಏಕೆ ತಪ್ಪೆಂಬುದನ್ನು ತಿಳಿಸಲಿಲ್ಲ. ಏಟಿನ ನೋವು ಮರೆತು ಎಷ್ಟೋ ಕಾಲವಾಯಿತು. ಕಾರಣ ತಿಳಿಯದ ಬೇಸರ ಮಾತ್ರ ಬಹುಕಾಲ ಉಳಿದಿತ್ತು.

ಕಾರಣ ಇಷ್ಟೇ. ಎಚ್₂ಓ ಎಂಬುದು ನೀರು. ಎಚ್₂ಓ₂ ಎಂದು ಬರೆದೊಡನೆ ಅದು ನೀರಾಗಿ ಉಳಿಯುವುದಿಲ್ಲ. ಅದು ಹೈಡ್ರೋಜನ್ ಪೆರಾಕ್ಸೈಡ್, ಗಾಯಕ್ಕೆ ಹಾಕಿದರೆ ನೊರೆಯುಕ್ಕುವ ಆ ದ್ರಾವಣದಲ್ಲಿರುವ ವಸ್ತು. ಬಾಯಾರಿದವರಿಗೆ ಅದನ್ನು ಕೊಡಲಾದೀತೆ? ಅಕ್ಷರದ ಕೆಳಗಿನ ಪುಟ್ಟ ಅಂಕಿ ವಸ್ತುವಿನ ಗುಣವನ್ನೇ ಹೇಳುತ್ತದೆ. ಅದನ್ನು ಮುಟ್ಟುವ ಅಧಿಕಾರ ನಮಗಿಲ್ಲ. ಸೂತ್ರದ ಮುಂದೆ ಬರೆಯುವ ದೊಡ್ಡ ಅಂಕಿ ಅಂಥ ಅಣುಗಳು ಎಷ್ಟು ಎಂಬುದನ್ನಷ್ಟೇ ಹೇಳುತ್ತದೆ. ಅದನ್ನು ಮಾತ್ರ ನಾವು ಬದಲಿಸಬಹುದು. ಮನೆಗೆ ಬೀಗರು ಹೆಚ್ಚು ಬಂದರೆ ತಾಯಂದಿರು ಹೆಚ್ಚು ಹೋಳಿಗೆ ಬೇಯಿಸುತ್ತಾರೆ. ಒಂದೊಂದು ಹೋಳಿಗೆಯ ಹೂರಣದಲ್ಲಿ ಬೆಲ್ಲವನ್ನು ಬಿಟ್ಟು ಬೇಳೆಯನ್ನೇ ಎರಡರಷ್ಟು ತುಂಬುವುದಿಲ್ಲ. ತುಂಬಿದರೆ ಅದನ್ನು ಹೋಳಿಗೆಯೆಂದು ಯಾರೂ ಕರೆಯರು.

ಹುಡುಗಿಗೆ ಇಷ್ಟು ಹೇಳಿದ್ದೇ ಸಾಕಾಯಿತು. 2ಎಚ್₂ + ಓ₂ → 2ಎಚ್₂ಓ ಎಂದು ತಾನೇ ಬರೆದಳು. ತೂಕದಲ್ಲಿ ಹೇಳುವುದಾದರೆ 4 ಗ್ರಾಂ ಜಲಜನಕ, 32 ಗ್ರಾಂ ಆಮ್ಲಜನಕ, ಹುಟ್ಟಿದ ನೀರು 36 ಗ್ರಾಂ. ಒಂದು ಗುಂಜಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಈ ಜಮಾಖರ್ಚಿನ ಮಾತನ್ನು ರಸಾಯನಶಾಸ್ತ್ರದಲ್ಲಿ ನೆಲೆಗೊಳಿಸಿದವನು ಫ್ರಾನ್ಸ್ ದೇಶದ ಲವಾಸಿಯೇ (1743-1794). ಅವನ ಕೈಯಲ್ಲಿದ್ದ ದೊಡ್ಡ ಆಯುಧವೆಂದರೆ ತಕ್ಕಡಿ. ಮುಚ್ಚಿದ ಪಾತ್ರೆಯಲ್ಲಿ ಲೋಹವನ್ನು ಕಾಯಿಸಿ, ಮೊದಲೂ ಅನಂತರವೂ ತೂಗಿ ನೋಡಿದನು. 1789ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಕ್ರಿಯೆಗೆ ಮುಂಚೆ ಇದ್ದ ದ್ರವ್ಯವೆಲ್ಲ ಕ್ರಿಯೆಯ ಬಳಿಕವೂ ಇರಲೇಬೇಕೆಂದು ಸಾರಿ, ದ್ರಾಕ್ಷಾರಸ ಹುಳಿತು ಮದ್ಯವೂ ಅನಿಲವೂ ಆಗುವುದನ್ನು ಒಂದು ಸಮೀಕರಣದ ರೂಪದಲ್ಲಿ ಬರೆದು ತೋರಿಸಿದನು. ಅವನ ಪತ್ನಿ ಮೇರಿ ಆನ್ ಆ ಗ್ರಂಥದ ಚಿತ್ರಗಳನ್ನು ಬರೆದುಕೊಟ್ಟಳು. ತೆರಿಗೆ ವಸೂಲಿಯ ಕಂಪನಿಯಲ್ಲಿ ಪಾಲುದಾರನಾಗಿದ್ದ ಕಾರಣ ಕ್ರಾಂತಿಯ ಕಾಲದಲ್ಲಿ, 1794ರ ಮೇ 8ರಂದು, ಅವನ ತಲೆಯನ್ನು ಕಡಿಯಲಾಯಿತು.

ಮುಂದೆ ಆ ಹುಡುಗಿಯೊಂದಿಗೆ ಪುಸ್ತಕದಲ್ಲಿರುವ ಕಬ್ಬಿಣದ ಸಮೀಕರಣವನ್ನು ಬಿಡಿಸಿದೆವು. ಕಾದ ಕಬ್ಬಿಣದ ಮೇಲೆ ನೀರಾವಿ ಹಾಯ್ದಾಗ ಎಫ್‌ಇ₃ಓ₄ ಎಂಬ ಆಕ್ಸೈಡೂ ಜಲಜನಕವೂ ಉಂಟಾಗುತ್ತವೆ. ಮಕ್ಕಳು ಇಲ್ಲಿ ಎಡದಿಂದ ಬಲಕ್ಕೆ ಕಣ್ಣಾಡಿಸುತ್ತ ತೋಚಿದಲ್ಲಿ ತೋಚಿದ ಅಂಕಿ ಹಾಕಿ ದಣಿಯುತ್ತಾರೆ. ನಾವು ಹೇಳಿದ ಉಪಾಯ ಹಳೆಯದೇ: ಹೆಚ್ಚು ಪರಮಾಣುಗಳಿರುವ ಸಂಯುಕ್ತವನ್ನು ಮೊದಲು ಹಿಡಿ, ಒಂಟಿಯಾಗಿರುವ ಧಾತುವನ್ನು ಕೊನೆಗೆ ನೋಡು. ಆಕ್ಸೈಡಿನಲ್ಲಿ ನಾಲ್ಕು ಆಮ್ಲಜನಕಗಳಿವೆ, ಆದ್ದರಿಂದ ನೀರಿನ ಮುಂದೆ ನಾಲ್ಕು. ಆಗ ಎಡಗಡೆ ಜಲಜನಕ ಎಂಟಾಯಿತು, ಹಾಗಾಗಿ ಬಲಗಡೆ ಎಚ್₂ ಮುಂದೆಯೂ ನಾಲ್ಕು. ಕಬ್ಬಿಣದ ಮುಂದೆ ಮೂರು. ಮುಗಿಯಿತು. 3ಎಫ್‌ಇ + 4ಎಚ್₂ಓ → ಎಫ್‌ಇ₃ಓ₄ + 4ಎಚ್₂. ಪೆನ್ಸಿಲ್ಲನ್ನೂ ರಬ್ಬರನ್ನೂ ಹತ್ತಿರವಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಒಮ್ಮೆಗೇ ಸರಿಬರಬೇಕೆಂಬ ಹಟವೇ ಅರ್ಧ ಭಯಕ್ಕೆ ಮೂಲ.

ಅಷ್ಟರಲ್ಲಿ ಮಗಳನ್ನು ಕರೆಯಲು ಬಂದ ಅವಳ ತಾಯಿ, "ಇದನ್ನೆಲ್ಲ ಕಲಿತು ಮನೆಗೇನು ಉಪಯೋಗ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಅವರ ಅಡುಗೆಮನೆಯಲ್ಲಿಯೇ ಇತ್ತು. ಸಿಲಿಂಡರಿನಲ್ಲಿರುವುದು ಬ್ಯೂಟೇನ್ ಮತ್ತು ಪ್ರೊಪೇನ್ ಎಂಬ ಅನಿಲಗಳ ಮಿಶ್ರಣ. ಬ್ಯೂಟೇನ್ ಎಂದರೆ ಸಿ₄ಎಚ್₁₀. ಅದು ಚೆನ್ನಾಗಿ ಉರಿದರೆ ಕಾರ್ಬನ್ ಡೈಆಕ್ಸೈಡೂ ನೀರಾವಿಯೂ ಆಗುತ್ತದೆ. ಹುಡುಗಿಯೇ ಲೆಕ್ಕ ಹಾಕಿದಳು. ಇಂಗಾಲ ನಾಲ್ಕು, ಜಲಜನಕಕ್ಕೆ ಐದು ನೀರು, ಒಟ್ಟು ಬೇಕಾದ ಆಮ್ಲಜನಕ ಪರಮಾಣುಗಳು ಹದಿಮೂರು. ಅಲ್ಲಿಗೆ ಬಂದು ನಿಂತಳು. ಆರೂವರೆ ಅಣು ಆಗುತ್ತದಲ್ಲ! ಅಣುವನ್ನು ಅರ್ಧ ಮಾಡುವುದು ಬೇಡ, ಎಲ್ಲವನ್ನೂ ಎರಡರಿಂದ ಗುಣಿಸು ಎಂದೆವು. 2ಸಿ₄ಎಚ್₁₀ + 13ಓ₂ → 8ಸಿಓ₂ + 10ಎಚ್₂ಓ.

ಎರಡು ಅಣು ಅನಿಲಕ್ಕೆ ಹದಿಮೂರು ಅಣು ಆಮ್ಲಜನಕ. 14.2 ಕೆ.ಜಿ. ತೂಕದ ಒಂದು ಸಿಲಿಂಡರಿನ ಅನಿಲ ಪೂರ್ತಿ ಉರಿಯಲು ಸುಮಾರು 51 ಕೆ.ಜಿ. ಆಮ್ಲಜನಕ ಬೇಕು. ಗಾಳಿಯಲ್ಲಿ ಆಮ್ಲಜನಕದ ಪಾಲು ತೂಕದಲ್ಲಿ ಕಾಲು ಭಾಗಕ್ಕಿಂತ ತುಸು ಕಡಿಮೆ. ಆದ್ದರಿಂದ ಸಿಲಿಂಡರೊಂದಕ್ಕೆ ಬೇಕಾದ ಗಾಳಿ ಸುಮಾರು 220 ಕೆ.ಜಿ. ಇದನ್ನು ಯಾರೂ ಹೊತ್ತು ತಂದು ಕೊಡುವುದಿಲ್ಲ. ಕಿಟಕಿಯಿಂದ ತಾನಾಗಿ ಬರಬೇಕು. ಬಾರದಿದ್ದರೆ? ಪ್ರಕೃತಿ ಆಗಲೂ ಲೆಕ್ಕ ತಪ್ಪುವುದಿಲ್ಲ, ಬೇರೊಂದು ಸಮೀಕರಣವನ್ನು ಆರಿಸಿಕೊಳ್ಳುತ್ತದೆ. 2ಸಿ₄ಎಚ್₁₀ + 9ಓ₂ → 8ಸಿಓ + 10ಎಚ್₂ಓ. ಹದಿಮೂರರ ಬದಲು ಒಂಬತ್ತು ಸಿಕ್ಕಿದರೆ ಸಿಓ₂ ಇರಬೇಕಾದಲ್ಲಿ ಸಿಓ, ಅಂದರೆ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಅಕ್ಷರದ ಕೆಳಗಿನ ಒಂದು ಪುಟ್ಟ ಎರಡು ಇಲ್ಲವಾದುದರಿಂದ ಆಗುವ ವ್ಯತ್ಯಾಸ ಇದು. ಗ್ಯಾಸ್ ಗೀಸರ್ ಹಚ್ಚಿ, ಬಚ್ಚಲಿನ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಅವರಲ್ಲಿ ಮಕ್ಕಳೂ ಇದ್ದರು.

ಆ ತಾಯಿ ಒಮ್ಮೆಲೇ ಮೌನವಾದರು. ಅವರ ಬಚ್ಚಲಿನಲ್ಲಿಯೂ ಗ್ಯಾಸ್ ಗೀಸರ್ ಇತ್ತು. ಚಳಿಗಾಳಿ ಬರುತ್ತದೆಂದು ಹೋದ ಡಿಸೆಂಬರಿನಲ್ಲಿ ಅಲ್ಲಿಯ ಜಾಲಂಧರಕ್ಕೆ ರಟ್ಟು ಬಡಿದಿದ್ದರು. ಆರಡಿ ಉದ್ದ, ನಾಲ್ಕಡಿ ಅಗಲ, ಎಂಟಡಿ ಎತ್ತರದ ಕೋಣೆ. ಅದರಲ್ಲಿ ಹಿಡಿಸುವ ಗಾಳಿ ಸುಮಾರು ಆರೂವರೆ ಕೆ.ಜಿ., ಅದರೊಳಗಿನ ಆಮ್ಲಜನಕ ಒಂದೂವರೆ ಕೆ.ಜಿ. ಮಾತ್ರ ಎಂಬುದನ್ನು ಹುಡುಗಿ ನಮ್ಮ ಸಹಾಯದಿಂದ ಅದೇ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಆಮ್ಲಜನಕ ಪೂರ್ತಿ ತೀರುವವರೆಗೆ ಅಪಾಯ ಕಾಯುವುದಿಲ್ಲ, ಅದಕ್ಕೆ ಬಹಳ ಮೊದಲೇ ಸಿಓ ಹುಟ್ಟತೊಡಗುತ್ತದೆ ಎಂದು ನಾವು ಸೇರಿಸಿದೆವು. ಗೀಸರನ್ನು ಬಚ್ಚಲಿನ ಹೊರಗೋಡೆಗೆ ಹಾಕಿಸಿ ಬಿಸಿನೀರನ್ನಷ್ಟೇ ಕೊಳವೆಯಲ್ಲಿ ಒಳಗೆ ತರುವುದು ಲೇಸು. ಅಲ್ಲಿಯವರೆಗೆ ಬಕೀಟು ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಬೇಕೆಂದು ಹೇಳಿದೆವು.

ಅಡುಗೆಯ ಪಾತ್ರೆಗಳ ತಳ ಈಚೆಗೆ ಕಪ್ಪಾಗುತ್ತಿರುವುದೇಕೆಂದೂ ಅವರು ಕೇಳಿದರು. ಅದೂ ಇದೇ ಲೆಕ್ಕ. ಆಮ್ಲಜನಕದ ಜೊತೆ ಸಿಗದೆ ಒಂಟಿಯಾಗಿ ಉಳಿದ ಇಂಗಾಲವೇ ಮಸಿ. ಬರ್ನರಿನ ರಂಧ್ರಗಳನ್ನು ತೊಳೆಸಿ, ಹಳದಿ ಜ್ವಾಲೆ ನೀಲಿಯಾಗುವಂತೆ ಮಾಡಿಕೊಳ್ಳಬೇಕು.

ಮರುದಿನ ಬೆಳಿಗ್ಗೆ ಹಾಲಿಗೆಂದು ಹೊರಟಾಗ ಅವರ ಮನೆಯ ಹಿಂಬದಿಯ ಗೋಡೆ ಕಣ್ಣಿಗೆ ಬಿದ್ದಿತು. ಜಾಲಂಧರದ ರಟ್ಟು ಕಿತ್ತು ಕೆಳಗೆ ಬಿದ್ದಿತ್ತು. ಹುಡುಗಿ ಸ್ಟೂಲಿನ ಮೇಲೆ ನಿಂತು ಉಳಿದ ಮೊಳೆಗಳನ್ನು ಕೀಳುತ್ತಿದ್ದಳು.