ಗಂಟೆ ಇಳಿದರೆ ಗಂಜಿಯೂ ಇಳಿಯುವುದು

ದುಡಿಮೆಯ ದಿನವನ್ನು ಎಂಟು ಗಂಟೆಗಳಿಂದ ಆರಕ್ಕೆ ಇಳಿಸಬೇಕೆಂಬ ವಾದವನ್ನು ನಾವು ಆದರದಿಂದಲೇ ಕೇಳಿದ್ದೇವೆ. ವಿಶ್ರಾಂತಿ ಮನುಷ್ಯನ ಹಕ್ಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. 2025ರಲ್ಲಿ ಆಂಧ್ರ ಸರ್ಕಾರವು ಕಾರ್ಖಾನೆಯ ದಿನದ ಮಿತಿಯನ್ನು 9ರಿಂದ 10 ಗಂಟೆಗೆ ಏರಿಸಹೊರಟುದನ್ನು ನಾವು ಒಪ್ಪಲಾರೆವು. ಆದರೆ ಏರಿಕೆಯನ್ನು ವಿರೋಧಿಸುವವರೆಲ್ಲ ಇಳಿಕೆಯನ್ನು ಕಣ್ಣು ಮುಚ್ಚಿ ಹರಸಬೇಕೇ? ಆದವಾನಿ ಸೀಮೆಯನ್ನು ಬಲ್ಲವರು ಹಾಗೆ ಹರಸಲಾರರು.

ನಮ್ಮದು ಹತ್ತಿಯ ನಾಡು. ಹತ್ತಿ ಬಿಡಿಸುವ ಹೆಂಗಸಿಗೆ ತೂಕದ ಮೇಲೆ ಕೂಲಿ. ಅಂಡಿಗೆ ಹೊರುವ ಹಮಾಲನಿಗೆ ಅಂಡಿಗೆಯ ಲೆಕ್ಕ. ಇಬ್ಬನಿ ಆರುವ ಮುನ್ನ ಬಿಡಿಸಿದರೆ ಹತ್ತಿ ಒದ್ದೆಯಾಗಿ ಬೆಲೆ ಕೆಡುವುದು. ಆದುದರಿಂದ ಅವಳ ದಿನ ಮೊದಲೇ ಮೋಟು. ಎಂಟು ಗಂಟೆಗಳಲ್ಲಿ 40 ಕಿಲೋ ಬಿಡಿಸುವವಳು ಆರರಲ್ಲಿ 30 ಬಿಡಿಸಿಯಾಳು. ತಿಂಗಳ ಸಂಬಳದವನಿಗೆ ಎರಡು ಗಂಟೆಯ ವಿರಾಮವಾದದ್ದು ಇವಳಿಗೆ ಕಾಲುಭಾಗ ಕೂಲಿಯ ನಷ್ಟ. ಸುಗ್ಗಿಯ ಗಳಿಕೆ ವರ್ಷಕ್ಕೆ ಸಾಲದೆ ಕೋಸಿಗಿ, ಆಲೂರು, ಪತ್ತಿಕೊಂಡದ ಕಡೆಯ ಸಂಸಾರಗಳು ಗುಂಟೂರಿಗೂ ಬೆಂಗಳೂರಿಗೂ ಗುಳೆ ಹೋಗುವುದನ್ನು ಕಾಣದವರಾರು?

1934ರ ಕಾರ್ಖಾನೆ ಕಾಯಿದೆಯು ಹತ್ತಿಯ ಜಿನ್ನಿಂಗ್ ಗಿರಣಿಗಳನ್ನು ಸುಗ್ಗಿಯ ಕಾರ್ಖಾನೆಗಳೆಂದು ಬೇರ್ಪಡಿಸಿ ವಾರಕ್ಕೆ 60 ಗಂಟೆ ದುಡಿಸಲು ಎಡೆಗೊಟ್ಟಿತ್ತು. 1948ರ ಕಾಯಿದೆ ಆ ಭೇದವನ್ನು ಅಳಿಸಿ 48 ಎಂದಿತು. ಅದು ದೊಡ್ಡ ನ್ಯಾಯವೇ ಸರಿ. ಆದರೆ ಗಿರಣಿಯ ಬಾಗಿಲಲ್ಲಿ ನಿಂತ ನ್ಯಾಯ, ಹೊಲದ ಬದುವನ್ನು ದಾಟಲಿಲ್ಲ. ಹೊಸ ಮಿತಿಯೂ ಅಲ್ಲೇ ನಿಂತರೆ ಅದು ಕೆಲವರ ಸೊತ್ತು. ಬದು ದಾಟಿ ಬಂದರೆ ಕೂಲಿಗೆ ಕತ್ತರಿ.

ಗಂಟೆ ಇಳಿದರೆ ಇನ್ನಷ್ಟು ಕೈಗಳಿಗೆ ಕೆಲಸ ಸಿಕ್ಕೀತೆಂದು ಕೆಲವರು ಹೇಳುತ್ತಾರೆ. ಸಿಕ್ಕೀತು, ಅಲ್ಲಗಳೆಯೆವು. ಆದರೆ ಒಬ್ಬನಿಗೇ ಸಾಲದ ರೊಟ್ಟಿಯನ್ನು ಇಬ್ಬರಿಗೆ ಮುರಿದು ಕೊಡುವುದು ಹಸಿವೆಯ ಹಂಚಿಕೆಯೇ ಹೊರತು ಅನ್ನದ ಹಂಚಿಕೆಯಲ್ಲ. ಆ ಕೊರತೆ ತುಂಬಲು ಅವನು ಸಂಜೆ ಇನ್ನೊಂದು ಕೆಲಸ ಹುಡುಕುವನು. ಅಲ್ಲಿ ಗಂಟೆ ಎಣಿಸುವವರು ಯಾರೂ ಇರರು.

ತುಂಡುಗೂಲಿಯವನಿಗೂ ಹೊತ್ತಿನ ಲೆಕ್ಕದಲ್ಲಿ ಖಾತರಿಯ ಕೂಲಿ ಇರಬೇಕೆಂಬ ಕಲ್ಪನೆ 1948ರ ಕನಿಷ್ಠ ವೇತನ ಕಾಯಿದೆಯಲ್ಲಿಯೇ ಇತ್ತು. ಅದು ಹೊಲದವರೆಗೂ ನಡೆದು ಬರಲಿ. ಆರು ಗಂಟೆಯ ದುಡಿಮೆಗೆ ಎಂಟು ಗಂಟೆಯ ಕೂಲಿ ಕೈಗೆ ಬೀಳುವ ದಿನ, ಇಳಿಕೆಯನ್ನು ಸ್ವಾಗತಿಸುವವರಲ್ಲಿ ನಾವೇ ಮೊದಲಿಗರು. ಅಲ್ಲಿಯವರೆಗೆ ಬಡವನ ಗಡಿಯಾರಕ್ಕೆ ಕೈಯಿಕ್ಕುವ ಮುನ್ನ ಅವನ ಗಡಿಗೆಯನ್ನೊಮ್ಮೆ ಇಣುಕಿ ನೋಡಿರೆಂಬುದೇ ನಮ್ಮ ವಿಜ್ಞಾಪನೆ.