ಗೇಮ್ ಯಂತ್ರ ತರುವ ಮೊದಲು ಶೋಕೇಸ್ ಅಳೆಯಿರಿ

ಮಕ್ಕಳು ಪ್ಲೇಸ್ಟೇಷನ್ ಬೇಕೆಂದು ಹಟ ಹಿಡಿದಿದ್ದಾರೆಯೇ? ಬೆಲೆ ವಿಚಾರಿಸುವುದು ಮನೆಯವರ ಕೆಲಸವಾದರೂ, ಅದನ್ನು ಎಲ್ಲಿಡುವುದೆಂಬ ಚಿಂತೆ ಕೊನೆಗೆ ನಿಮ್ಮ ಪಾಲಿಗೇ ಬರುತ್ತದೆ.

ಅನೇಕ ಮನೆಗಳ ಟಿವಿ ಶೋಕೇಸನ್ನು ಬಡಗಿ ಮಾಡಿಕೊಟ್ಟದ್ದು ತೆಳ್ಳಗಿನ ಡಿವಿಡಿ ಪ್ಲೇಯರ್‌ನ ಅಳತೆಗೆ. 2020ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್ 5 ನಿಲ್ಲಿಸಿದರೆ 39 ಸೆಂ.ಮೀ. ಎತ್ತರ, 26 ಸೆಂ.ಮೀ. ಆಳ. 2023ರ ಸಣ್ಣ ಮಾದರಿಯೂ ಸುಮಾರು 36 ಸೆಂ.ಮೀ. ಇದೆ. ಮಲಗಿಸಿದರೆ ಎತ್ತರ ಸುಮಾರು 10 ಸೆಂ.ಮೀ.ಗೆ ಇಳಿಯುತ್ತದೆ, ಆದರೆ ಅಷ್ಟೇ ಅಗಲದ ಜಾಗ ಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 30 ಸೆಂ.ಮೀ. ಎತ್ತರದ ಚೌಕ ಕಂಬದಂತಿದೆ. ಅದರ ಒಂದೊಂದು ಬದಿ 15 ಸೆಂ.ಮೀ.

ಖಾನೆಯೊಳಗೆ ಹಿಡಿಸಿತೆಂದ ಮಾತ್ರಕ್ಕೆ ಮುಗಿಯಲಿಲ್ಲ. ಪ್ಲೇಸ್ಟೇಷನ್ 5 ಬಿಸಿಗಾಳಿಯನ್ನು ಹಿಂದಿನಿಂದ ಬಿಡುತ್ತದೆ, ಸೀರೀಸ್ ಎಕ್ಸ್ ಮೇಲಿನಿಂದ. ಗಾಜಿನ ಬಾಗಿಲು ಮುಚ್ಚಿದ ಖಾನೆಯಲ್ಲಿ ಆ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಒಳಗೆಳೆದುಕೊಳ್ಳುತ್ತದೆ. ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಬಿಸಿ ಮಿತಿಮೀರಿದರೆ ಯಂತ್ರ ತಾನಾಗಿ ನಿಂತುಬಿಡುತ್ತದೆ. ಕಾಲಕ್ರಮೇಣ ಅದರ ಆಯುಷ್ಯವೂ ಕುಗ್ಗಬಹುದು.

ಆದ್ದರಿಂದ ಕೊಳ್ಳುವ ಮೊದಲೇ ಹಳೆಯ ರಟ್ಟನ್ನು ಯಂತ್ರದ ಅಳತೆಗೆ ಕತ್ತರಿಸಿ ಖಾನೆಯಲ್ಲಿಟ್ಟು ನೋಡಿ. ಸುತ್ತಲೂ, ಮುಖ್ಯವಾಗಿ ಬಿಸಿಗಾಳಿ ಹೊರಬರುವ ಕಡೆ, 10 ಸೆಂ.ಮೀ. ಜಾಗ ಉಳಿಯಬೇಕು. ವಯರಿಗೂ ಜಾಗ ಬಿಡಿ. ಜಾಗ ಸಾಲದಿದ್ದರೆ ಶೋಕೇಸಿನ ಹೊರಗೆ, ತೆರೆದ ಮೇಜಿನ ಮೇಲಿಡಿ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮಲಗಿಸಿಡುವುದೇ ಕ್ಷೇಮ. ನಿಲ್ಲಿಸಿದ್ದು ವಯರ್ ಎಳೆದರೆ ಉರುಳುತ್ತದೆ. ಧೂಳಿಗೆಂದು ಹೊದಿಸುವ ಕಸೂತಿ ಬಟ್ಟೆಯನ್ನು ಆಟದ ವೇಳೆ ತಪ್ಪದೆ ತೆಗೆದಿಡಿ.

ಕೂಡಿಟ್ಟ ಹಣದಿಂದ ತಂದ ವಸ್ತು ಹಾಲಿನ ಅಂದಕ್ಕಾಗಿ ಉಸಿರುಗಟ್ಟದಿರಲಿ.