ಒಂದು ಕಣ್ಣಿಗೆ ಸುಣ್ಣ

ಅಮೆರಿಕದಲ್ಲಿ ಹಳೆಯ ಮನೆ ಕೊಂಡ ನಮ್ಮವರು ಛಾವಣಿ ಬದಲಿಸುವಾಗ ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆ? ಸೀಸದ ಮಾತೆತ್ತಿದರೆ ಕಂಟ್ರಾಕ್ಟರುಗಳ ಬಳಿ ಸಿದ್ಧ ಉತ್ತರವೊಂದಿರುತ್ತದೆ. ನನ್ನ ಮನೆಗೆ ಅಂದಾಜು ಕೊಡಲು ಬಂದ ಮೂವರಲ್ಲಿ ಇಬ್ಬರು ಹೇಳಿದ್ದು ಅದನ್ನೇ: "ನಾವು ಪೇಂಟಿಂಗ್‌ನವರಲ್ಲ, ಆ ಕಾನೂನು ನಮಗಲ್ಲ."

ಇದು ಅರ್ಧ ಸತ್ಯ. ಇಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದು ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯ ಹೊರಭಾಗದಲ್ಲಿ 20 ಚದರ ಅಡಿಗಿಂತ ಹೆಚ್ಚು ಬಣ್ಣವನ್ನು ಕೆದಕುವ ಕಂಟ್ರಾಕ್ಟರಿಗೆ, ಆ ಬಣ್ಣದಲ್ಲಿ ಸೀಸವಿಲ್ಲವೆಂದು ಪರೀಕ್ಷೆಯಲ್ಲಿ ತಿಳಿಯದ ಹೊರತು, ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಕೊಡುವ ಪ್ರಮಾಣಪತ್ರ 2010ರ ಏಪ್ರಿಲ್‌ನಿಂದ ಕಡ್ಡಾಯ. ಬರೀ ಶಿಂಗಲ್ ಕಿತ್ತು ಹಾಕಿದರೆ ಈ ನಿಯಮ ಬಾಧಿಸದು, ನಿಜ. ಆದರೆ ಹಳೆಯ ಛಾವಣಿ ತೆಗೆದಾಗ ಸೂರಿನಂಚಿನ ಹಲಗೆ ಕೊಳೆತಿರುವುದು ಅಪರೂಪವೇನಲ್ಲ. ಕಿತ್ತ ಹಲಗೆಯ ಬಣ್ಣವೆಲ್ಲ ಲೆಕ್ಕಕ್ಕೆ ಬರುತ್ತದೆ. ಅರ್ಧ ಅಡಿ ಅಗಲದ ಹಲಗೆಯನ್ನು 40 ಅಡಿ ಉದ್ದ ಕಿತ್ತರೆ 20 ಚದರ ಅಡಿ ಆಯಿತು. ಅಲ್ಲಿಂದ ಒಂದಡಿ ಮುಂದೆ ಹೋದರೆ ಛಾವಣಿಯವನೂ ಕಾನೂನಿನ ಒಳಗೇ.

ಕಾನೂನು ಕೇಳುವುದಾದರೂ ಏನು? ತಂಡದಲ್ಲಿ ಒಬ್ಬನಾದರೂ 8 ಗಂಟೆಯ ತರಬೇತಿ ಪಡೆದಿರಬೇಕು. ಗೋಡೆಯಿಂದ 10 ಅಡಿವರೆಗೆ ನೆಲಕ್ಕೆ ಪ್ಲಾಸ್ಟಿಕ್ ಹಾಸಬೇಕು. 20 ಅಡಿಯೊಳಗಿನ ಕಿಟಕಿ ಬಾಗಿಲು ಮುಚ್ಚಬೇಕು. ಕೊನೆಗೆ ಬಿದ್ದ ಚೂರು, ಧೂಳನ್ನೆಲ್ಲ ಗುಡಿಸಿ ತೆಗೆಯಬೇಕು. ಇಷ್ಟಕ್ಕೇ "ಸರ್ಕಾರದ ಕಿರುಕುಳ" ಎಂದು ಗೊಣಗುವವರಿದ್ದಾರೆ. ಹೋಮ್ ಡಿಪೋದಂಥ ದೈತ್ಯ ಕಂಪನಿಯೇ ತನ್ನ ಕಂಟ್ರಾಕ್ಟರುಗಳು ಈ ನಿಯಮ ಪಾಲಿಸುವಂತೆ ನೋಡಿಕೊಳ್ಳಲಿಲ್ಲವೆಂಬ ಆರೋಪಕ್ಕೆ 2020ರಲ್ಲಿ 2 ಕೋಟಿ 7.5 ಲಕ್ಷ ಡಾಲರ್ ದಂಡಕ್ಕೆ ಒಪ್ಪಬೇಕಾಯಿತು.

ನನ್ನ ತಕರಾರು ನಿಯಮ ಹೆಚ್ಚಾಯಿತೆಂದಲ್ಲ, ಅರ್ಧಕ್ಕೇ ನಿಂತಿತೆಂದು. ಇಪಿಎ ನಿಯಮ ಕಾಯುವುದು ಮುಖ್ಯವಾಗಿ ಮನೆಯೊಳಗಿನ ಮಗುವನ್ನು. ಸೂರಿನಡಿ ನಿಂತು ಹಲಗೆ ಕೀಳುವವನನ್ನು ಕಾಯಬೇಕಾದದ್ದು ಓಶಾ ಎಂಬ ಇನ್ನೊಂದು ಇಲಾಖೆ. ಇವರಿಬ್ಬರ ಲೆಕ್ಕ ಪಕ್ಕಪಕ್ಕದಲ್ಲಿಟ್ಟು ನೋಡಿ. ಮಗುವಿನ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಸೀಸ ಕಂಡರೆ ಎಚ್ಚರವಾಗಬೇಕೆಂದು ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಹೇಳಿತು. ಕಟ್ಟಡ ಕೆಲಸದವನನ್ನು ಸೀಸದ ಕೆಲಸದಿಂದ ದೂರವಿಡಲೇಬೇಕೆಂದು ಒಕ್ಕೂಟದ ಓಶಾ ನಿಯಮ ಹೇಳುವುದು 50 ಮುಟ್ಟಿದಾಗ! ಮಕ್ಕಳ ಮಿದುಳು ಹೆಚ್ಚು ಸೂಕ್ಷ್ಮ, ಒಪ್ಪೋಣ. ಆದರೆ ದೊಡ್ಡವರಲ್ಲೂ ಸೀಸ ರಕ್ತದೊತ್ತಡ ಏರಿಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂದರೆ ಇದೇ ಅಲ್ಲವೇ?

ಆ ಕೆಲಸಗಾರನಿಗೂ ಮನೆಯಿದೆ, ಮಕ್ಕಳಿದ್ದಾರೆ. ಅಂಗಿಗೆ, ಬೂಟಿಗೆ ಅಂಟಿದ ಧೂಳು ಅವನ ಜೊತೆ ಅಲ್ಲಿಗೆ ಹೋಗುತ್ತದೆ. ನಮ್ಮ ಮಗುವಿಗೆ 3.5ರ ಲೆಕ್ಕ ಹಿಡಿದ ವ್ಯವಸ್ಥೆ ಅವನ ಮಗುವಿನ ಬಳಿಗೆ ಧೂಳು ಹೊತ್ತೊಯ್ಯುವ ಕೈಗೆ 50ರ ಲೆಕ್ಕ ಹಿಡಿಯುತ್ತದೆ. ಕಾಗದದ ಮೇಲೆ ಅವನನ್ನು "ಸ್ವಂತ ಉದ್ಯೋಗಿ" ಎಂದು ಬರೆದುಬಿಟ್ಟರಂತೂ ಓಶಾ ರಕ್ಷಣೆ ಅವನ ಕೈಗೆ ಸಿಗುವುದೇ ಕಷ್ಟ.

ಬದಲಿಸಲಾಗದ ಸಂಗತಿಯಲ್ಲ ಇದು. ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ಕೆಲಸದ ಜಾಗದ ಗಾಳಿಯಲ್ಲಿ ಸೀಸದ ಮಿತಿಯನ್ನು ಘನ ಮೀಟರಿಗೆ 50 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿದೆ. ಉಳಿದ ದೇಶಕ್ಕೆ ಏಕಾಗದು? ತಂಡದಲ್ಲಿ ಒಬ್ಬನಿಗೆ ತರಗತಿ, ಉಳಿದವರಿಗೆ ಅವನೇ ಕೆಲಸದ ಜಾಗದಲ್ಲಿ ಹೇಳಿಕೊಟ್ಟಷ್ಟು ಪಾಠ ಎಂಬ ಏರ್ಪಾಡೂ ಹೋಗಲಿ. ಏಣಿ ಹತ್ತುವ ಪ್ರತಿಯೊಬ್ಬನಿಗೂ ಅವನ ಭಾಷೆಯಲ್ಲೇ ತರಬೇತಿ ಸಿಗಲಿ.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಪ್ರಮಾಣಪತ್ರವಿರುವ ಸಂಸ್ಥೆಗಳನ್ನು ಇಪಿಎ ಜಾಲತಾಣದಲ್ಲೇ ಹುಡುಕಬಹುದು. ತೀರಾ ಅಗ್ಗದ ದರ ಹೇಳಿದವನನ್ನು ಏನೇನು ಬಿಟ್ಟಿದ್ದೀಯ ಎಂದು ಕೇಳಿ: ಪ್ಲಾಸ್ಟಿಕ್ಕೇ, ಮಾಸ್ಕೇ, ಕೈ ತೊಳೆಯುವ ನೀರೇ? ನಾವು ಚೌಕಾಸಿ ಮಾಡಿ ಉಳಿಸಿದ ಡಾಲರನ್ನು ಯಾರೋ ತಮ್ಮ ರಕ್ತದಲ್ಲಿ ಕಟ್ಟುತ್ತಿರಬಹುದು.